ಫುಟ್‌ಬಾಲ್ ಟ್ರೇಡಿಂಗ್ ಬೇರೆ, ಬೆಟ್ಟಿಂಗ್ ಬೇರೆಯೇ? ಲೆಕ್ಕ ಹಾಕಿ ನೋಡುವ ಬಗೆ

ಓದಲೆಂದೋ ಕೆಲಸಕ್ಕೆಂದೋ ಬ್ರಿಟನ್‌ಗೆ ಹೋದ ಕನ್ನಡಿಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “ಫುಟ್‌ಬಾಲ್ ಟ್ರೇಡಿಂಗ್ ಅಂತ ಮಾಡ್ತಾರಲ್ಲ, ಅದು ಜೂಜಲ್ಲವಂತೆ, ಷೇರು ಕೊಂಡು ಮಾರಿದ ಹಾಗೇ ಅಂತೆ. ನಿಜವಾ?”

ಕಾನೂನಿನ ಕಣ್ಣಿಗೆ ಎರಡೂ ಜೂಜೇ. ಬ್ರಿಟನ್‌ನಲ್ಲಿ ಎರಡಕ್ಕೂ 2005ರ ಜೂಜು ಕಾಯ್ದೆಯೇ ಅನ್ವಯ, ಪರವಾನಗಿ ಕೊಡುವುದು ಗ್ಯಾಂಬ್ಲಿಂಗ್ ಕಮಿಷನ್. ಷೇರುಪೇಟೆಯ ನಿಯಂತ್ರಕರಿಗೂ ಇದಕ್ಕೂ ಸಂಬಂಧವಿಲ್ಲ. ವ್ಯತ್ಯಾಸ ಇರುವುದು ಕೆಲಸದ ರೀತಿಯಲ್ಲಿ. ಸುಮ್ಮನೆ ಬಾಜಿ ಕಟ್ಟುವವರು ಪಂದ್ಯಕ್ಕೆ ಮುಂಚೆ ಒಂದು ತಂಡದ ಮೇಲೆ ಹಣ ಹಾಕಿ 90 ನಿಮಿಷ ಕಾಯುತ್ತಾರೆ. ಟ್ರೇಡ್ ಮಾಡುವವರು ಒಂದು ದರಕ್ಕೆ ಒಳಗೆ ಹೋಗಿ, ದರ ಬದಲಾದ ಮೇಲೆ ಎದುರು ಬಾಜಿ ಕಟ್ಟಿ, ಪಂದ್ಯ ಮುಗಿಯುವ ಮುನ್ನವೇ ಹೊರಗೆ ಬರುತ್ತಾರೆ. ಹೀಗೆ ಹೊರಬರುವುದರಿಂದಲೇ ಲಾಭ ಬರುತ್ತದೆ ಎಂದುಕೊಂಡರೆ ಮೋಸ ಹೋದಿರಿ. ಅದು ಹೇಗೆ ಎಂಬುದು ಐದನೆಯ ಹಂತದಲ್ಲಿದೆ. ಉಳಿದದ್ದನ್ನು ಬಿಟ್ಟರೂ ಅದೊಂದನ್ನು ಓದಿ.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಹೇಳಿಬಿಡಬೇಕು. ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದೆ. ಅಂಥ ಸೇವೆ ಕೊಡುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ವಿದೇಶಿ ವಿನಿಮಯದ ನಿಯಮವಂತೂ ಅದಕ್ಕಿಂತ ಹಳೆಯದು. ಲಾಟರಿ ಟಿಕೆಟ್‌ಗೆ ಹೊರದೇಶಕ್ಕೆ ಹಣ ಕಳಿಸಬಾರದು ಎನ್ನುವ 2000ದ ನಿಯಮದ ಪಟ್ಟಿಯಲ್ಲಿ ‘ಫುಟ್‌ಬಾಲ್ ಪೂಲ್ಸ್’ (ಹಲವು ಪಂದ್ಯಗಳ ಫಲಿತಾಂಶ ಊಹಿಸಿ ಹಣ ಕಟ್ಟುವ ಆಟ) ಎಂದು ಹೆಸರು ಹಿಡಿದೇ ಬರೆದಿದ್ದಾರೆ. ವಾಟ್ಸಾಪ್‌ನಲ್ಲಿ “ಎಕ್ಸ್‌ಚೇಂಜ್ ಐಡಿ ಕೊಡ್ತೀವಿ, ಯುಪಿಐ ಮಾಡಿ” ಎಂದು ಬರುವ ಸಂದೇಶ, ಲಂಡನ್‌ನಲ್ಲಿರುವ ಅಣ್ಣನ ಖಾತೆಯನ್ನು ವಿಪಿಎನ್ ಹಾಕಿಕೊಂಡು ಇಲ್ಲಿಂದ ಓಡಿಸುವ ಉಪಾಯ, ಎರಡೂ ಬೇಡ. ಮೊದಲನೆಯದರಲ್ಲಿ ಗೆದ್ದ ದುಡ್ಡು ಕೊಡಿ ಎಂದು ಕೇಳಲು ಯಾರೂ ಸಿಗುವುದಿಲ್ಲ. ಎರಡನೆಯದರಲ್ಲಿ ಖಾತೆ ಮುಟ್ಟುಗೋಲಾದರೆ ಅಣ್ಣನ ಹೆಸರೇ ಕೆಡುತ್ತದೆ. ಕೆಳಗಿನ ಹಂತಗಳು ಬ್ರಿಟನ್‌ನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ, 18 ತುಂಬಿದವರಿಗೆ ಮಾತ್ರ.

1. ಶುರುವಿಗೆ ಏನು ಬೇಕು

ಪರವಾನಗಿ ಇರುವ ಬೆಟ್ಟಿಂಗ್ ಎಕ್ಸ್‌ಚೇಂಜ್ ಒಂದರಲ್ಲಿ ನಿಮ್ಮದೇ ಹೆಸರಿನ ಖಾತೆ ಬೇಕು. ಎಕ್ಸ್‌ಚೇಂಜ್ ಎಂದರೆ ಸಂತೆಯಿದ್ದಂತೆ. ಒಬ್ಬರು ‘ಗೆಲ್ಲುತ್ತದೆ’ ಎಂದು ಕಟ್ಟಿದರೆ ಇನ್ನೊಬ್ಬ ಗ್ರಾಹಕರು ‘ಗೆಲ್ಲುವುದಿಲ್ಲ’ ಎಂದು ಎದುರು ನಿಲ್ಲುತ್ತಾರೆ, ಕಂಪನಿ ನಡುವೆ ನಿಂತು ಗೆದ್ದವರ ಲಾಭದಲ್ಲಿ ಕಮಿಷನ್ ಹಿಡಿಯುತ್ತದೆ. ಆಂಡ್ರ್ಯೂ ಬ್ಲ್ಯಾಕ್ ಮತ್ತು ಎಡ್ವರ್ಡ್ ರೇ 2000ದಲ್ಲಿ ಶುರು ಮಾಡಿದ ಬೆಟ್‌ಫೇರ್ ಇವುಗಳಲ್ಲಿ ದೊಡ್ಡದು. ಸ್ಮಾರ್ಕೆಟ್ಸ್ ಇನ್ನೊಂದು. ಕಮಿಷನ್ ಸಾಮಾನ್ಯವಾಗಿ ಶೇ 2ರಿಂದ 5. ಖಾತೆ ತೆರೆಯುವಾಗ ಯಾವ ಪ್ಯಾಕೇಜ್‌ನಲ್ಲಿ ಇದ್ದೀರಿ ಎಂದು ನೋಡಿಕೊಳ್ಳಿ. ಸಣ್ಣ ಲಾಭದ ಟ್ರೇಡ್‌ಗಳಲ್ಲಿ ಈ ಮೂರು ಅಂಶದ ವ್ಯತ್ಯಾಸ ಇಡೀ ವರ್ಷದ ಫಲಿತಾಂಶವನ್ನೇ ತಿರುಗಿಸಬಹುದು.

ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವುದನ್ನು ಬ್ರಿಟನ್ 2020ರ ಏಪ್ರಿಲ್‌ನಿಂದ ನಿಲ್ಲಿಸಿದೆ, ಡೆಬಿಟ್ ಕಾರ್ಡ್‌ನಂಥ ದಾರಿಯಿಂದ ಹಾಕಬೇಕು. ಗೆದ್ದ ಹಣಕ್ಕೆ ಅಲ್ಲಿ ಆದಾಯ ತೆರಿಗೆ ಇಲ್ಲ. ಆದರೆ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬೆಟ್ಟಿಂಗ್ ಕಂಪನಿಗಳ ಹೆಸರು ಸಾಲುಸಾಲಾಗಿ ಕಂಡರೆ ಕೆಲವು ಸಾಲದಾತರು ಹುಬ್ಬೇರಿಸುತ್ತಾರೆ.

ಇದಕ್ಕೆಂದೇ ಹಣದ ಗಂಟು ಬೇರೆ ಇಡಿ. ಬಾಡಿಗೆ, ಶುಲ್ಕ, ಊರಿಗೆ ಕಳಿಸುವ ದುಡ್ಡು ಎಲ್ಲ ತೆಗೆದಿಟ್ಟ ಮೇಲೆ, ಪೂರ್ತಿ ಹೋದರೂ ಜೀವನ ಏರುಪೇರಾಗದಷ್ಟು ಮೊತ್ತ ಅದಾಗಿರಬೇಕು. ಈ ಲೇಖನದ ಲೆಕ್ಕಕ್ಕೆ 500 ಪೌಂಡ್ ಎಂದಿಟ್ಟುಕೊಳ್ಳೋಣ. ಜೊತೆಗೆ ಒಂದು ಸ್ಪ್ರೆಡ್‌ಶೀಟ್. ದರಗಳನ್ನು ಏಣಿಯಂತೆ ಮೇಲಿಂದ ಕೆಳಗೆ ತೋರಿಸುವ ‘ಲ್ಯಾಡರ್’ ಸಾಫ್ಟ್‌ವೇರ್‌ಗೆ ತಿಂಗಳ ಚಂದಾ ಕಟ್ಟುವುದು ಮೊದಲ ಮೂರು ತಿಂಗಳು ಅನಗತ್ಯ.

2. ಆಡ್ಸ್ ಅನ್ನು ಶೇಕಡಾವಾರಿಗೆ ಇಳಿಸಿ

ಆಡ್ಸ್ ಎಂದರೆ ದರ. 2.50 ಎಂದಿದ್ದರೆ 1 ಪೌಂಡ್ ಕಟ್ಟಿದವರಿಗೆ ಅಸಲೂ ಸೇರಿ 2.50 ಪೌಂಡ್ ವಾಪಸ್. 1ನ್ನು ದರದಿಂದ ಭಾಗಿಸಿದರೆ ಆ ದರ ಸೂಚಿಸುವ ಸಂಭವ ಸಿಗುತ್ತದೆ: 1 ÷ 2.50 = ಶೇ 40.

ಈಗ ಬೀದಿ ಬದಿಯ ಬೆಟ್ಟಿಂಗ್ ಅಂಗಡಿಯ ಹಲಗೆ ನೋಡಿ. ತವರಿನ ತಂಡ 2.00, ಡ್ರಾ 3.40, ಎದುರಾಳಿ 3.60 ಎಂದಿದೆ. ಶೇಕಡಾವಾರಿನಲ್ಲಿ 50, 29.4, 27.8. ಕೂಡಿದರೆ 107.2. ಪಂದ್ಯದ ಫಲಿತಾಂಶ ಈ ಮೂರರಲ್ಲಿ ಒಂದಾಗಲೇಬೇಕು, ಮೊತ್ತ 100 ಇರಬೇಕಿತ್ತು. ಮೇಲಿನ 7.2 ಅಂಗಡಿಯವರ ಪಾಲು. ಅಂದರೆ 100 ಪೌಂಡ್ ಕಟ್ಟುವವರಿಗೆ ಸರಾಸರಿ ಸುಮಾರು 93 ಮಾತ್ರ ತಿರುಗಿ ಬರುತ್ತದೆ.

ಐದು ಪಂದ್ಯ ಸೇರಿಸಿ ‘ಅಕ್ಯುಮುಲೇಟರ್’ ಕಟ್ಟಿದಾಗ ಏನಾಗುತ್ತದೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಅಕ್ಯುಮುಲೇಟರ್ ಎಂದರೆ ಐದೂ ಗೆದ್ದರೆ ಮಾತ್ರ ಹಣ. ದರಗಳು ಒಂದಕ್ಕೊಂದು ಗುಣಿಸಿಕೊಳ್ಳುವ ಹಾಗೆ ಅಂಗಡಿಯ ಪಾಲೂ ಗುಣಿಸಿಕೊಳ್ಳುತ್ತದೆ. 0.933ನ್ನು ಐದು ಸಲ ಗುಣಿಸಿದರೆ ಸುಮಾರು 0.71. ನೂರಕ್ಕೆ 29 ಪೌಂಡ್ ಕಟ್ಟುವ ಕ್ಷಣದಲ್ಲೇ ಹೋಯಿತು. ವಾರಕ್ಕೆ 10 ಪೌಂಡ್‌ನ ಅಕ್ಯುಮುಲೇಟರ್ ಹಾಕಿ, ಸಿನಿಮಾ ಟಿಕೆಟ್‌ಗೆ ಕೊಟ್ಟಂತೆ ಅದನ್ನು ಮರೆತು, ಪಂದ್ಯವನ್ನು ಮಜವಾಗಿ ನೋಡುವವರದ್ದು ಪ್ರಾಮಾಣಿಕವಾದ ಖರ್ಚು, ವರ್ಷಕ್ಕೆ 520 ಪೌಂಡ್ ಎಂದು ಗೊತ್ತಿದ್ದರೆ ಸಾಕು. ಅದರಿಂದ ಆದಾಯ ನಿರೀಕ್ಷಿಸಿದಾಗ ತೊಂದರೆ ಶುರು.

ಎಕ್ಸ್‌ಚೇಂಜ್‌ನಲ್ಲಿ ದೊಡ್ಡ ಪಂದ್ಯಗಳ ಮೊತ್ತ 101, 102ರ ಆಸುಪಾಸಿನಲ್ಲಿ ಇರುತ್ತದೆ. ಟ್ರೇಡಿಂಗ್ ಎಂಬುದು ಇಲ್ಲಿ ಮಾತ್ರ ಸಾಧ್ಯವಾಗುವುದಕ್ಕೆ ಕಾರಣ ಇದೇ. ಕೆಳಗಿನ ದರ್ಜೆಯ ಲೀಗ್‌ಗಳಲ್ಲಿ ಹಣದ ಓಡಾಟ ಕಡಿಮೆ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಹೆಚ್ಚು. ಹೊಸಬರು ಅಲ್ಲಿಗೆ ಹೋಗಬೇಡಿ.

3. ಬ್ಯಾಕ್ ಮತ್ತು ಲೇ

‘ಬ್ಯಾಕ್’ ಎಂದರೆ ಆಗುತ್ತದೆ ಎಂದು ಕಟ್ಟುವುದು. ‘ಲೇ’ ಎಂದರೆ ಆಗುವುದಿಲ್ಲ ಎಂದು ಕಟ್ಟುವುದು, ಅಂದರೆ ಆ ಬಾಜಿಗೆ ನೀವೇ ಅಂಗಡಿಯವರಾಗುವುದು. ಲೇ ಮಾಡಿ ಸೋತಾಗ ಎದುರಿನವರಿಗೆ ನೀವು ತೆರಬೇಕಾದ ಮೊತ್ತಕ್ಕೆ ‘ಲಯಬಿಲಿಟಿ’ ಎನ್ನುತ್ತಾರೆ, ಹೊಣೆ ಎಂದಿಟ್ಟುಕೊಳ್ಳಿ. ಸೂತ್ರ: ಪಣ × (ದರ − 1). ಡ್ರಾವನ್ನು 3.60ಕ್ಕೆ 20 ಪೌಂಡ್ ಲೇ ಮಾಡಿದರೆ ಹೊಣೆ 20 × 2.60 = 52 ಪೌಂಡ್. ಗೆದ್ದರೆ ಬರುವುದು 20 ಮಾತ್ರ.

ಹೊಸಬರು ಮುಗ್ಗರಿಸುವುದು ಇಲ್ಲೇ. ಪಣದ ಖಾನೆಯಲ್ಲಿ 20 ಎಂದು ಕಂಡಾಗ 20ನ್ನೇ ಪಣಕ್ಕಿಟ್ಟಿದ್ದೇನೆ ಎಂದುಕೊಳ್ಳುತ್ತಾರೆ. ದರ 15ರ ತಂಡವನ್ನು ‘ಖಂಡಿತ ಸೋಲುತ್ತೆ’ ಎಂದು 20 ಪೌಂಡ್‌ಗೆ ಲೇ ಮಾಡಿದರೆ ಹೊಣೆ 280.

4. ಎರಡೂ ಬದಿ ಸಮ ಮಾಡುವ ಲೆಕ್ಕ

ಟ್ರೇಡಿಂಗ್‌ನ ಯಂತ್ರವೆಲ್ಲ ಒಂದೇ ಸೂತ್ರದಲ್ಲಿದೆ: ಎದುರು ಪಣ = ಮೊದಲ ಪಣ × ಮೊದಲ ದರ ÷ ಈಗಿನ ದರ.

ಒಂದು ತಂಡವನ್ನು 2.50ಕ್ಕೆ 100 ಪೌಂಡ್ ಬ್ಯಾಕ್ ಮಾಡಿದ್ದೀರಿ, ದರ 2.00ಕ್ಕೆ ಇಳಿಯಿತು. 100 × 2.50 ÷ 2.00 = 125. ಈಗ 125 ಪೌಂಡ್ ಲೇ ಮಾಡಿ. ತಂಡ ಗೆದ್ದರೆ 150 ಬಂತು, 125 ಹೋಯಿತು, ಉಳಿದದ್ದು 25. ಸೋತರೆ 100 ಹೋಯಿತು, 125 ಬಂತು, ಆಗಲೂ 25. ಪರದೆಯಲ್ಲಿ ಎಲ್ಲ ಫಲಿತಾಂಶದ ಕೆಳಗೂ ಹಸಿರು ಅಂಕಿ ಕಾಣುವುದರಿಂದ ಇದಕ್ಕೆ ‘ಗ್ರೀನ್ ಅಪ್’ ಎಂಬ ಹೆಸರು. ‘ಕ್ಯಾಶ್ ಔಟ್’ ಗುಂಡಿ ಇದೇ ಕೆಲಸ ಮಾಡುತ್ತದೆ, ಆದರೆ ಆ ಕ್ಷಣ ಸಿಗುವ ದರಕ್ಕೆ. ನಿಮಗೆ ಬೇಕಾದ ದರ ಹಾಕಿ ಕಾಯುವ ಅವಕಾಶ ಕೈಯಿಂದ ಲೆಕ್ಕ ಹಾಕಿದಾಗಲೇ ಸಿಗುವುದು. ನಿಜದ ಹಣ ಇಡುವ ಮುಂಚೆ ಇಂಥ ಇಪ್ಪತ್ತು ಲೆಕ್ಕಗಳನ್ನು ಕಾಗದದ ಮೇಲೆ ಮಾಡಿ, ನಷ್ಟದಲ್ಲಿ ಹೊರಬರುವ ಲೆಕ್ಕಗಳನ್ನೂ ಸೇರಿಸಿ.

5. ಒಂದು ಟ್ರೇಡನ್ನು ಬಿಚ್ಚಿ ನೋಡಿ: ಡ್ರಾ ಲೇ

ಎಲ್ಲರೂ ಮೊದಲು ಕಲಿಯುವ ತಂತ್ರ ಇದು. ಪಂದ್ಯಕ್ಕೆ ಮುಂಚೆ ಡ್ರಾವನ್ನು ಲೇ ಮಾಡುತ್ತಾರೆ. ಗೋಲು ಬಿದ್ದರೆ ಡ್ರಾ ದರ ಏರುತ್ತದೆ, ಆಗ ಬ್ಯಾಕ್ ಮಾಡಿ ಹೊರಬರುತ್ತಾರೆ. ಕೇಳಲು ಎಷ್ಟು ಸುಲಭ! ‘ಫುಟ್‌ಬಾಲ್ ಅಂದ ಮೇಲೆ ಗೋಲು ಬೀಳದೆ ಇರುತ್ತದೆಯೇ’ ಎಂದು ಕೋರ್ಸ್ ಮಾರುವವರು ಹೇಳುವುದೂ ಇಷ್ಟೇ. ಲೆಕ್ಕ ಹಾಕೋಣ.

3.60ಕ್ಕೆ 20 ಪೌಂಡ್ ಲೇ, ಹೊಣೆ 52. 30ನೇ ನಿಮಿಷಕ್ಕೆ ಬಲಿಷ್ಠ ತಂಡ ಗೋಲು ಹೊಡೆಯಿತು, ಡ್ರಾ ದರ 5.0 ಆಯಿತು. ಎದುರು ಪಣ 20 × 3.60 ÷ 5.0 = 14.40. ಡ್ರಾ ಆದರೆ 57.60 ಬಂದು 52 ಹೋಗುತ್ತದೆ, ಆಗದಿದ್ದರೆ 20 ಬಂದು 14.40 ಹೋಗುತ್ತದೆ. ಎರಡರಲ್ಲೂ ಲಾಭ 5.60, ಶೇ 2 ಕಮಿಷನ್ ಕಳೆದು 5.49.

65 ನಿಮಿಷವಾದರೂ 0-0 ಇದ್ದರೆ? ಡ್ರಾ ದರ ಸುಮಾರು 2.00ಕ್ಕೆ ಕುಸಿದಿರುತ್ತದೆ. ಎದುರು ಪಣ 36. ಎರಡು ಬದಿಯಲ್ಲೂ ನಷ್ಟ 16.

ಒಂದು ನಷ್ಟವನ್ನು ತುಂಬಲು ಮೂರು ಗೆಲುವು ಬೇಕು. ಲಾಭ 5.49, ನಷ್ಟ 16 ಇದ್ದಲ್ಲಿ ಕೈಗೆ ಕೈ ಸಮವಾಗಲು ನೂರರಲ್ಲಿ ಸುಮಾರು 75 ಸಲ ಗೆಲ್ಲಬೇಕು. ಅದೂ ಗೆಲುವೆಲ್ಲ ಬಲಿಷ್ಠ ತಂಡದ ಗೋಲಿನಿಂದಲೇ ಬರಬೇಕು. ದುರ್ಬಲ ತಂಡ ಮೊದಲು ಹೊಡೆದರೆ ಮಾರುಕಟ್ಟೆ ‘ಬಲಿಷ್ಠರು ಸಮ ಮಾಡುತ್ತಾರೆ’ ಎಂದೇ ನಂಬುವುದರಿಂದ ಡ್ರಾ ದರ ಇದ್ದಲ್ಲೇ ಇರಬಹುದು, ಇಳಿಯಲೂಬಹುದು.

ಇನ್ನೊಂದು ಜನಪ್ರಿಯ ತಂತ್ರವನ್ನೂ ಇದೇ ತಕ್ಕಡಿಯಲ್ಲಿ ತೂಗಿ. ‘2.5ಕ್ಕಿಂತ ಕಡಿಮೆ ಗೋಲು’ ಎಂಬುದನ್ನು, ಅಂದರೆ ಒಟ್ಟು ಎರಡರೊಳಗೆ ಎಂಬುದನ್ನು, 2.00ಕ್ಕೆ 20 ಪೌಂಡ್ ಬ್ಯಾಕ್ ಮಾಡಿ ಮೊದಲ 15 ನಿಮಿಷದ ಬಳಿಕ ಹೊರಬರುವುದು. ಗೋಲಿಲ್ಲದೆ ಕಳೆದರೆ ದರ ಸುಮಾರು 1.72, ಲಾಭ 3.26. ಗೋಲು ಬಿದ್ದರೆ ದರ 3.35ರ ಸುತ್ತ, ನಷ್ಟ 8.06. ಸಮವಾಗಲು ನೂರಕ್ಕೆ 71 ಸಲ ಮೊದಲ ಕಾಲು ಗಂಟೆ ಗೋಲಿಲ್ಲದೆ ಕಳೆಯಬೇಕು. ಅಂಥ ಪಂದ್ಯದಲ್ಲಿ ಹಾಗೆ ಕಳೆಯುವ ಸಂಭವ ಹೆಚ್ಚುಕಡಿಮೆ ಶೇ 69. ಕಮಿಷನ್ ಇನ್ನೂ ಕಳೆದಿಲ್ಲ.

ತಂತ್ರಕ್ಕೆ ತಂತ್ರವಾಗಿ ಬೆಲೆಯಿಲ್ಲ ಎಂದು ಒತ್ತಿ ಹೇಳುವುದು ಇದಕ್ಕೇ. ಗೋಲು ಬೀಳುವ ಸಂಭವ ನಿಮಗೆ ಗೊತ್ತಿರುವಷ್ಟೂ ದರದೊಳಗೆ ಆಗಲೇ ಸೇರಿಕೊಂಡಿದೆ. ನಿಮ್ಮ ಅಂದಾಜು ಮಾರುಕಟ್ಟೆಯದಕ್ಕಿಂತ ಸರಿ ಇದ್ದಾಗ ಮಾತ್ರ, ಉದಾಹರಣೆಗೆ 3.60 ಇರುವ ಡ್ರಾಗೆ ನಿಜಕ್ಕೂ 4.0 ಇರಬೇಕಿತ್ತು ಎಂದಾಗ, ಹಣ ಉಳಿಯುತ್ತದೆ. ಪ್ರೀಮಿಯರ್ ಲೀಗ್‌ನಂಥ ಕಡೆ ಆ ಮಟ್ಟದ ಅಂದಾಜು ಬಹಳ ಕಷ್ಟ. ಅಲ್ಲಿ ಒಂದು ಸೀಸನ್‌ಗೆ 380 ಪಂದ್ಯ, ಪ್ರತಿಯೊಂದನ್ನೂ ಕಂಪ್ಯೂಟರ್ ಮಾದರಿ ಇಟ್ಟುಕೊಂಡವರು ಜಾಲಾಡಿರುತ್ತಾರೆ. ಗೋಲುಗಳ ಸರಾಸರಿಯೂ ಕದಲುತ್ತದೆ. 2023-24ರಲ್ಲಿ 1,246 ಗೋಲು ಬಿದ್ದು ಪಂದ್ಯಕ್ಕೆ 3.28 ಆಗಿತ್ತು, ಅದರ ಹಿಂದಿನ ವರ್ಷಗಳ ಸರಾಸರಿ ನೆಚ್ಚಿಕೊಂಡಿದ್ದವರ ಲೆಕ್ಕ ತಪ್ಪಿತು.

6. ಪಣದ ಗಾತ್ರ

ಒಂದು ಟ್ರೇಡ್‌ನಲ್ಲಿ ಗಂಟಿನ ಶೇ 2ಕ್ಕಿಂತ ಹೆಚ್ಚು ಕಳೆದುಕೊಳ್ಳುವ ಯೋಜನೆ ಬೇಡ. 500 ಪೌಂಡ್‌ಗೆ 10. ಗಮನಿಸಿ, ಇದು ನಷ್ಟದ ಮಿತಿ, ಪಣದ ಮಿತಿಯಲ್ಲ. ಮೇಲಿನ ಡ್ರಾ ಲೇಯಲ್ಲಿ 20 ಪೌಂಡ್ ಪಣಕ್ಕೆ ನಷ್ಟ 16 ಬಂತು. 10ಕ್ಕೆ ಇಳಿಸಬೇಕಾದರೆ ಪಣ 12.50.

ಷೇರಿನಲ್ಲಿ ‘ಸ್ಟಾಪ್ ಲಾಸ್’ (ನಷ್ಟ ಇಷ್ಟಕ್ಕೆ ಮುಟ್ಟಿದರೆ ತಾನಾಗಿ ಹೊರಬರುವ ಏರ್ಪಾಡು) ಇಟ್ಟಂತೆ ಇಲ್ಲಿಯೂ ಇಡಬಹುದು ಎಂದುಕೊಳ್ಳಬೇಡಿ. ಗೋಲು ಬಿದ್ದ ಕೂಡಲೇ ಮಾರುಕಟ್ಟೆ ನಿಲ್ಲುತ್ತದೆ. ಮತ್ತೆ ತೆರೆದಾಗ ದರ ಮೆಟ್ಟಿಲು ಇಳಿದಿರುವುದಿಲ್ಲ, ಮಹಡಿಯಿಂದ ಬಿದ್ದಿರುತ್ತದೆ. ಮುನ್ನಡೆಯಲ್ಲಿ ಹೊರಬರದೆ ‘ಇನ್ನೂ ಏರಲಿ’ ಎಂದು ಕಾದು, 85ನೇ ನಿಮಿಷಕ್ಕೆ 1-1 ಆದರೆ ಹೊಣೆಯ ಬಹುಪಾಲು ಹೋದಂತೆ. 12.50ರ ಪಣಕ್ಕೆ ಹೊಣೆ 32.50, ಗಂಟಿನ ಶೇ 6.5. ಹಾಗಾಗಿ ಪ್ರತಿ ಟ್ರೇಡ್‌ಗೂ ಯೋಜಿಸಿದ ನಷ್ಟ, ಗೋಲು ಬಿದ್ದರೆ ಆಗುವ ನಷ್ಟ ಎಂದು ಎರಡು ಅಂಕಿ ಬರೆಯಿರಿ.

ಸೋತಾಗ ಪಣ ದುಪ್ಪಟ್ಟು ಮಾಡುವ ಚಾಳಿ ಬೇಡವೇ ಬೇಡ. 10, 20, 40, 80, 160: ಐದು ಸೋಲಿಗೆ 310 ಹೋಯಿತು, ಆರನೆಯ ಪಣಕ್ಕೆ ಬೇಕಾದ 320 ಗಂಟಿನಲ್ಲಿ ಇರುವುದಿಲ್ಲ.

7. ಪಂದ್ಯದ ದಿನ

ತಂಡದ ಪಟ್ಟಿ ಕಿಕ್-ಆಫ್‌ಗೆ, ಅಂದರೆ ಪಂದ್ಯದ ಆರಂಭಕ್ಕೆ, ಒಂದು, ಒಂದೂಕಾಲು ಗಂಟೆ ಮುಂಚೆ ಹೊರಬೀಳುತ್ತದೆ. ಆಗ ದರ ಕೆಲವೇ ಕ್ಷಣದಲ್ಲಿ ಸರಿಯುತ್ತದೆ. ಪಟ್ಟಿ ನೋಡಿದ ಮೇಲೆ ಓಡಿದರೆ ತಡವಾಗಿರುತ್ತದೆ. ಅದಕ್ಕೂ ಮುಂಚೆಯೇ ನಾಲ್ಕು ಸಾಲು ಬರೆದಿಡಿ: ಯಾವ ದರಕ್ಕೆ ಒಳಗೆ, ಏಕೆ, ಲಾಭದಲ್ಲಿ ಯಾವಾಗ ಹೊರಗೆ, ನಷ್ಟದಲ್ಲಿ ಯಾವ ನಿಮಿಷಕ್ಕೆ ಹೊರಗೆ. ಬೇಕಾದ ದರ ಸಿಗದಿದ್ದರೆ ಆ ದಿನ ಟ್ರೇಡ್ ಇಲ್ಲ. ಶಿಸ್ತು ಎಂದರೆ ಹೆಚ್ಚಿನ ಸಲ ಏನೂ ಮಾಡದೆ ಕೂರುವುದು, ಹೊಸಬರಿಗೆ ಅತಿ ಕಷ್ಟವಾದದ್ದೂ ಅದೇ.

ನೀವು ನೋಡುತ್ತಿರುವ ‘ಲೈವ್’ ನಿಜವಾದ ಲೈವ್ ಅಲ್ಲ. ಟಿವಿ ಚಿತ್ರ ಕೆಲವು ಸೆಕೆಂಡ್ ಹಿಂದೆ, ಮೊಬೈಲ್ ಆ್ಯಪ್‌ನದು ಅದಕ್ಕಿಂತಲೂ ಹಿಂದೆ. ಎಕ್ಸ್‌ಚೇಂಜ್ ಕೂಡ ಪಂದ್ಯ ನಡೆಯುವಾಗ ಪ್ರತಿ ಬಾಜಿಯನ್ನೂ ಕೆಲವು ಸೆಕೆಂಡ್ ತಡೆದು ಸ್ವೀಕರಿಸುತ್ತದೆ. ‘ಈಗ ಗೋಲು ಬೀಳುತ್ತೆ’ ಎಂದು ಚಿತ್ರ ನೋಡಿ ಗುಂಡಿ ಒತ್ತುವವರು ಮೈದಾನದಲ್ಲಿ ಕೂತವರಿಗೆ ದಾನ ಮಾಡುತ್ತಿದ್ದಾರೆ ಅಷ್ಟೇ. ಇಂಗ್ಲೆಂಡ್‌ನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಯ ಪಂದ್ಯಗಳಂತೂ ಟಿವಿಯಲ್ಲೇ ಬರುವುದಿಲ್ಲ, 2:45ರಿಂದ 5:15ರವರೆಗೆ ನೇರಪ್ರಸಾರಕ್ಕೆ ತಡೆ ಇದೆ. ಆ ಹೊತ್ತಿನಲ್ಲಿ ಪಂದ್ಯದ ನಡುವೆ ಟ್ರೇಡ್ ಮಾಡುವುದು ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದಂತೆ.

ಇನ್ನೊಂದು ಎಡವಟ್ಟು ಆಗಾಗ ಆಗುತ್ತದೆ. ಪಂದ್ಯಕ್ಕೆ ಮುಂಚೆ ಹಾಕಿಟ್ಟ, ಇನ್ನೂ ಜೋಡಿ (ಎದುರು ಕಟ್ಟುವವರು) ಸಿಗದ ಬಾಜಿಗಳು ಕಿಕ್-ಆಫ್‌ಗೆ ರದ್ದಾಗುತ್ತವೆ. ಬೆಟ್‌ಫೇರ್‌ನಲ್ಲಿ ಅವನ್ನು ಉಳಿಸಿಕೊಳ್ಳಲು ‘ಕೀಪ್’ ಎಂದು ಗುರುತು ಹಾಕಬೇಕು. ಹಾಗೆ ಉಳಿಸಿಕೊಂಡರೂ ಗೋಲಿನಂಥ ಘಟನೆಗೆ ಮಾರುಕಟ್ಟೆ ನಿಂತಾಗ ಜೋಡಿ ಸಿಗದವೆಲ್ಲ ಅಳಿಸಿಹೋಗುತ್ತವೆ. ಹೊರಬರುವ ಬಾಜಿ ಹಾಕಿ ಎದ್ದು ಹೋಗಿ, ಅದು ಹಾಗೇ ಇದೆ ಎಂದು ನಂಬಿದವರು ತೆರೆದ ಹೊಣೆಯೊಂದಿಗೆ ಉಳಿದುಬಿಡುತ್ತಾರೆ. ಪ್ರತಿ ಗೋಲಿನ ನಂತರವೂ ಬಾಜಿಗಳ ಪಟ್ಟಿ ನೋಡಿ.

8. ದಾಖಲೆ

ಪ್ರತಿ ಟ್ರೇಡ್‌ಗೆ ಒಂದು ಸಾಲು: ದಿನಾಂಕ, ಲೀಗ್, ಒಳಹೋದ ದರ, ಕಿಕ್-ಆಫ್ ಹೊತ್ತಿನ ದರ, ಹೊರಬಂದ ದರ ಮತ್ತು ನಿಮಿಷ, ಕಮಿಷನ್ ಕಳೆದ ಫಲ, ಯೋಜನೆಯಂತೆ ನಡೆದಿರಾ ಎಂಬುದಕ್ಕೆ ಹೌದು/ಇಲ್ಲ.

ಎಲ್ಲಕ್ಕಿಂತ ಬೆಲೆಬಾಳುವುದು ಕಿಕ್-ಆಫ್ ದರದ ಕಾಲಂ. ಪಂದ್ಯಕ್ಕೆ ಮುಂಚೆ 2.20ಕ್ಕೆ ಬ್ಯಾಕ್ ಮಾಡಿದ್ದು ಕಿಕ್-ಆಫ್‌ಗೆ 2.10 ಆಗಿದ್ದರೆ, ತಂಡ ಸೋತರೂ ನಿಮ್ಮ ಖರೀದಿ ಒಳ್ಳೆಯದು. ಸಾಲು ಸಾಲಾಗಿ ನೀವು ಕೊಂಡದ್ದು ಕಿಕ್-ಆಫ್‌ಗೆ ಅಗ್ಗವಾಗುತ್ತಿದ್ದರೆ, ಅಂದರೆ ದರ ಏರುತ್ತಿದ್ದರೆ, ಈ ತಿಂಗಳು ಲಾಭ ಬಂದಿದ್ದರೂ ಅದು ಅದೃಷ್ಟ. ಲಾಭ-ನಷ್ಟದ ಅಂಕಿಯನ್ನು ಬೇಗ ನಂಬಬೇಡಿ. ನಾಣ್ಯ ಚಿಮ್ಮಿ 2.00ರ ದರಕ್ಕೆ 10 ಪೌಂಡ್‌ನಂತೆ 50 ಸಲ ಕಟ್ಟಿದರೂ ಬರೀ ಅದೃಷ್ಟದಿಂದ 70 ಪೌಂಡ್ ಆಚೀಚೆ ಆಗುವುದು ಮಾಮೂಲು. ಕನಿಷ್ಠ 200 ಟ್ರೇಡ್ ಆಗುವವರೆಗೆ ಪಣ ಏರಿಸಬೇಡಿ. ಆ 200ರ ಕೊನೆಗೆ ಕಮಿಷನ್ ಕಳೆದು ನಷ್ಟವಿದ್ದು ಕಿಕ್-ಆಫ್ ದರವೂ ನಿಮ್ಮ ವಿರುದ್ಧವೇ ಇದ್ದರೆ, ನಿಲ್ಲಿಸಿ. ಹೆಚ್ಚಿನವರ ದಾಖಲೆ ಹೇಳುವುದು ಇದನ್ನೇ.

9. ನಿಲ್ಲಿಸುವ ಏರ್ಪಾಡು ಮೊದಲ ದಿನವೇ

ಖಾತೆ ತೆರೆದ ದಿನವೇ ತಿಂಗಳ ಠೇವಣಿ ಮಿತಿ ಹಾಕಿ. ‘ಹೋದದ್ದನ್ನು ಇವತ್ತೇ ವಾಪಸ್ ತರಬೇಕು’ ಎನಿಸಿದರೆ, ಮನೆಯವರಿಂದ ಪರದೆ ಮುಚ್ಚಿಡುತ್ತಿದ್ದರೆ, ಯಾವ ದೇಶದ ಲೀಗ್ ಎಂದೂ ನೋಡದೆ ರಾತ್ರಿ ಎರಡಕ್ಕೆ ಪಂದ್ಯ ಹುಡುಕುತ್ತಿದ್ದರೆ, ಆಗ ಅದು ಟ್ರೇಡಿಂಗೂ ಅಲ್ಲ, ಮನರಂಜನೆಯೂ ಅಲ್ಲ. ಬ್ರಿಟನ್‌ನಲ್ಲಿ ಗ್ಯಾಮ್‌ಸ್ಟಾಪ್ ಎಂಬ ಉಚಿತ ವ್ಯವಸ್ಥೆಯಲ್ಲಿ ಹೆಸರು ಕೊಟ್ಟರೆ ಪರವಾನಗಿ ಇರುವ ಎಲ್ಲ ಆನ್‌ಲೈನ್ ತಾಣಗಳೂ 6 ತಿಂಗಳು, 1 ವರ್ಷ ಅಥವಾ 5 ವರ್ಷ ನಿಮಗೆ ಬಾಗಿಲು ಮುಚ್ಚುತ್ತವೆ. ಅವಧಿ ಮುಗಿಯುವ ಮುನ್ನ ನೀವೇ ಕೇಳಿಕೊಂಡರೂ ತೆರೆಯುವುದಿಲ್ಲ. ಬಹಳಷ್ಟು ಬ್ಯಾಂಕ್ ಆ್ಯಪ್‌ಗಳಲ್ಲೂ ಜೂಜಿನ ಪಾವತಿ ತಡೆಯುವ ಗುಂಡಿ ಇದೆ, ಎರಡನ್ನೂ ಒಟ್ಟಿಗೆ ಹಾಕಿ. ಮಾತನಾಡಲು ಗ್ಯಾಮ್‌ಕೇರ್ ನಡೆಸುವ ರಾಷ್ಟ್ರೀಯ ಸಹಾಯವಾಣಿ 0808 8020 133, ಹಗಲೂ ರಾತ್ರಿ ಉಚಿತ. ಊರಿನಲ್ಲಿ ನಿಮ್ಮ ತಮ್ಮನೋ ಗೆಳೆಯನೋ ‘ಐಡಿ’ಯ ಸುಳಿಗೆ ಸಿಕ್ಕಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.